ಹದಿನೆಂಟು ಚದರಡಿಯ ಸಲಹೆಗಾರ

ಊರಿಗೆಲ್ಲ ಆಫೀಸು ಹುಡುಕಿಕೊಡುವುದು ನನ್ನ ಕಸುಬು. ಐದು ಜನರಿಂದ ಶುರುವಾದ ಕಂಪನಿ ಇಪ್ಪತ್ತಕ್ಕೇರಿ, ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಯತೊಡಗಿದಾಗ ನನಗೆ ಫೋನ್ ಬರುತ್ತದೆ. "ತಲೆಗೆ 60 ಚದರಡಿಯಾದರೂ ಇಟ್ಟುಕೊಳ್ಳಿ" ಎಂದು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ.

ಹೀಗೆ ಹೇಳುವವನು ಕೂರುವುದು ಮಾತ್ರ ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ, ಫ್ರಿಜ್ಜಿಗೂ ಇಸ್ತ್ರಿ ಮೇಜಿಗೂ ನಡುವೆ. ಒಮ್ಮೆ ಟೇಪು ಹಿಡಿದೆ: 18 ಚದರಡಿ. ಅದೂ ಸೂಪರ್ ಬಿಲ್ಟ್‌ಅಪ್. ಮಾಲೀಕರು ಲಿಫ್ಟು, ಮೆಟ್ಟಿಲು, ಲಾಬಿಯ ಪಾಲನ್ನೆಲ್ಲ ಸೇರಿಸಿ 1000 ಅಡಿಗೆ ಬಾಡಿಗೆ ಎತ್ತುತ್ತಾರೆ; ಕುರ್ಚಿ ಹಾಕಲು 700 ಸಿಕ್ಕರೆ ಪುಣ್ಯ. ನನ್ನ 18ರಲ್ಲಿ ಗ್ಯಾಸ್ ಸಿಲಿಂಡರ್, ಬಟ್ಟೆ ಬುಟ್ಟಿ, ಅತ್ತೆಯವರ ಮಂಡಿನೋವಿನ ಎಣ್ಣೆ ಬಾಟಲಿಗಳನ್ನು ಕಳೆದರೆ ಕಾರ್ಪೆಟ್ ಏರಿಯಾ ಒಂದು ಮಣೆಯಷ್ಟು.

ಅಷ್ಟರಲ್ಲಿ ನಮ್ಮಾಕೆಯ ಸಾರಿನ ಪುಡಿ ಬೆಳೆಯಿತು. ಪಕ್ಕದ ಮನೆಗೆ ಕಾಲು ಕೆಜಿ ಎಂದು ಶುರುವಾದದ್ದು ನಾಲ್ಕು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಹೊಕ್ಕಿತು. 2 ಎಚ್‌ಪಿ ಪುಡಿ ಯಂತ್ರ ಬಂತು. ಅದು ಮೊದಲ ಸಲ ತಿರುಗಿದ ಬೆಳಗ್ಗೆ ನಾನು ವಿಡಿಯೋ ಕಾಲಿನಲ್ಲಿ ಒಬ್ಬ ಯುವ ಉದ್ಯಮಿಗೆ ಬುದ್ಧಿ ಹೇಳುತ್ತಿದ್ದೆ: "ಬಾಡಿಗೆ ಆಮೇಲೆ. ಮೊದಲು ಕಟ್ಟಡದ ಸ್ಯಾಂಕ್ಷನ್ಡ್ ಲೋಡ್, ಅಂದ್ರೆ ಮಂಜೂರಾದ ವಿದ್ಯುತ್, ಎಷ್ಟು ಕೇಳಿ. ಅದನ್ನು ನೋಡದೆ ಹೋದವರು..." ಒಳಗೆ ಗೀಸರ್ ಇತ್ತು, ಮಿಕ್ಸಿ ಇತ್ತು. ನಮ್ಮ ಮನೆಯದು 3 ಕಿಲೋವ್ಯಾಟ್. ಹೋದವರು ಏನಾಗುತ್ತಾರೆಂದು ಆ ಹುಡುಗನಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಂದು ರಾತ್ರಿ ಆಕೆ, "ನನಗೂ ಸಲಹೆ ಕೊಡ್ರೀ, ಜಾಗ ಸಾಲ್ತಿಲ್ಲ" ಎಂದಳು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಸಲಹೆ ಕೇಳಿದ್ದು ಅದೇ ಮೊದಲು. ಉಬ್ಬಿಹೋದೆ. ವರ್ಷ ಮೀರಿದ ಕರಾರನ್ನು 1908ರ ಕಾಯ್ದೆಯಂತೆ ನೋಂದಾಯಿಸಲೇಬೇಕು, ಅದಕ್ಕೇ ಊರೆಲ್ಲ 11 ತಿಂಗಳು ಎಂದು ಬರೆಯುತ್ತಾರೆ ಎಂದೆ. ಲಾಕ್-ಇನ್ ಎಂದೆ, ವರ್ಷಕ್ಕೆ ಶೇ. 5 ಏರಿಕೆ ಎಂದೆ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಬೆನ್ನಿಗೆ ಎಲ್ಲವನ್ನೂ ಗೀಚಿಕೊಂಡಳು.

"ಕರಾರೇ ಇಲ್ದೆ ಕೂತ್ಕೊಂಡಿರೋರನ್ನ ಬಿಡಿಸೋಕೆ?"

"ತಿಂಗಳ ಲೆಕ್ಕದವನಾದ್ರೆ 15 ದಿನದ ನೋಟಿಸ್ ಸಾಕು" ಎಂದೆ ಹೆಮ್ಮೆಯಿಂದ.

"ಇವತ್ತು ಒಂದನೇ ತಾರೀಕು. ಹದಿನಾರಕ್ಕೆ ಫ್ರಿಜ್ ಪಕ್ಕ ಖಾಲಿಯಾಗ್ಲಿ."

ಈಗ ನನ್ನ ಆಫೀಸು ಮೆಟ್ಟಿಲ ಕೆಳಗೆ. ನೆಟ್ಟಗೆ ನಿಂತರೆ ತಲೆಗೆ ಐದನೇ ಮೆಟ್ಟಿಲು. ಮೇಜು ಜೋಡಿಸಿಕೊಳ್ಳಲು ಒಂದು ತಿಂಗಳು ಬಾಡಿಗೆ ಬೇಡ ಎಂದು ಕೇಳಿದೆ, ಗಿರಾಕಿಗಳಿಗೆ ಎರಡು ಮೂರು ತಿಂಗಳು ಕೊಡಿಸಿದವನು ನಾನು. ಸಿಕ್ಕಿದ್ದು ಒಂದು ಭಾನುವಾರ. ಬಾಡಿಗೆ: ದಿನಕ್ಕೆ ಒಂದು ಕೆಜಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಮುಂದಿನ ವರ್ಷ 1 ಕೆಜಿ 50 ಗ್ರಾಂ. ಆಕೆಯ ಪುಡಿಗೆ ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ನನ್ನ ಪಾಲಿಗೆ ಬಿದ್ದದ್ದು ಗುಂಟೂರು.

ಕಳೆದ ವಾರ ಅದೇ ಹುಡುಗ ಮತ್ತೆ ವಿಡಿಯೋ ಕಾಲಿಗೆ ಬಂದ. ಮಾಲೀಕರು ಹತ್ತು ತಿಂಗಳ ಡೆಪಾಸಿಟ್ ಕೇಳುತ್ತಿದ್ದಾರಂತೆ. "ಜಪ್ಪಯ್ಯ ಅಂದ್ರೂ ಬಗ್ಗಬೇಡಿ, ಆರಕ್ಕೆ ಇಳಿಸೋಣ" ಎಂದು ಗುಡುಗುತ್ತಾ, ಜಾರಿದ ಕನ್ನಡಕ ಸರಿಪಡಿಸಲು ಹೋಗಿ ಕಣ್ಣು ಮುಟ್ಟಿಕೊಂಡೆ. ಆ ಕಣ್ಣೊರೆಸಲು ಹೋಗಿ ಈ ಕಣ್ಣೂ ಹೋಯಿತು. ಧಾರಾಕಾರ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಸಾರ್, ಅಳಬೇಡಿ ಸಾರ್. ಹತ್ತು ತಿಂಗಳದ್ದೇ ಕೊಟ್ಬಿಡೋಣ."