ಲ್ಯಾಪ್‌ಟಾಪ್ ಮಾವ

ಸಿಇಟಿ ಸೀಟು ಖಾತ್ರಿಯಾದ ಮನೆಗೆ ಸಿಹಿಗಿಂತ ಮೊದಲು ಬರುವವರು ಲ್ಯಾಪ್‌ಟಾಪ್ ಮಾವ. ಕರೆಯಬೇಕೆಂದೇನೂ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ “ಮಗಳಿಗೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು?” ಎಂದು ಒಂದು ಸಾಲು ಬಿದ್ದರೆ ಸಾಕು, ಮರುದಿನ ಬೆಳಿಗ್ಗೆ ಅವರ ಚಪ್ಪಲಿ ನಿಮ್ಮ ಬಾಗಿಲಲ್ಲಿರುತ್ತದೆ. ಸರ್ಕಾರಿ ಕಚೇರಿಯಿಂದ ನಿವೃತ್ತರು. ಸೆಕ್ಷನ್ನಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದವರು ತಾವೇ ಎಂಬುದು ಅವರ ಅರ್ಹತೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗುತ್ತಾರೆ, ಎಸ್.ಪಿ. ಎಂದರೆ ಸಾದರ ಪತ್ರಪ್ಪ ಎಂದು ದಾರಿಯುದ್ದಕ್ಕೂ ಹೇಳುತ್ತಾರೆ. ಅಂಗಡಿಯವನು “ಸರ್, ಪ್ರೊಸೆಸರ್ ಯಾವ ಜನರೇಷನ್ ಕೊಡ್ಲಿ?” ಎಂದರೆ ಮಾತ್ರ ಕೆಮ್ಮು ಬರುತ್ತದೆ.

ಅವರ ನಿಜವಾದ ಸೇವೆ ಶುರುವಾಗುವುದು ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ. ಅದು, ಅಪ್‌ಡೇಟ್ ನಿಲ್ಲಿಸಿಕೊಡುವುದು.

ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಮುಚ್ಚಳಕ್ಕೆ ಅರಿಸಿನ ಕುಂಕುಮ ಆಗಿತ್ತು, ಟಚ್‌ಪ್ಯಾಡಿನ ಮೇಲೆ ಒಂದು ಅಕ್ಷತೆ ಕಾಳು ಕೂತಿತ್ತು. ಪರದೆಯಲ್ಲಿ ಬಿಳಿ ಚುಕ್ಕಿಗಳು ಗುಂಡಗೆ ಸುತ್ತುತ್ತಿದ್ದವು. ಶೇಕಡ 27ಕ್ಕೆ ಬಂದು ನಿಂತದ್ದು ಮುಂದೆ ಹೋಗಲೊಲ್ಲದು. ಮಾವನ ತೋರುಬೆರಳು ಪವರ್ ಬಟನ್ನಿನ ಕಡೆ ಹೊರಟಿತು.

“ಮಾವ, ಮುಟ್ಟಬೇಡಿ! ಆಫ್ ಮಾಡಬೇಡಿ ಅಂತ ಅದರಲ್ಲೇ ಬರೆದಿದೆ.”

“ಬರೀತಾರೆ ಕಣೇ. ಇವತ್ತು ಬಂದಿರೋ ಹೊಸ ಮಷಿನ್ನಿಗೆ ಅದೇನು ರಿಪೇರಿ?”

“ಪೆಟ್ಟಿಗೆಗೆ ತುಂಬಿ ಎಷ್ಟು ತಿಂಗಳಾಯ್ತೋ ಏನೋ. ಅಷ್ಟೂ ತಿಂಗಳದ್ದು ಒಟ್ಟಿಗೆ ಬರ್ತಿದೆ. ಅರಿಯರ್ಸ್ ಅನ್ಕೊಳ್ಳಿ.”

ಅರಿಯರ್ಸ್ ಎಂದದ್ದೇ ಬೆರಳು ಹಿಂದೆ ಸರಿಯಿತು.

ಹುಡುಗಿ ಹೇಳಿದ್ದು ಸರಿ. ವಿಂಡೋಸ್‌ನ ಭದ್ರತಾ ಪ್ಯಾಚ್‌ಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತವೆ. 2003ರಿಂದ ಇದೇ ಪದ್ಧತಿ. ಅಮೆರಿಕದ ಬೆಳಗು ನಮಗೆ ರಾತ್ರಿಯಾದ್ದರಿಂದ ಇಲ್ಲಿ ಇದು ಬುಧವಾರದ ಕಾಟ. ಇದು ಅಪ್‌ಡೇಟು: ವಿಂಡೋಸ್ 11 ವಿಂಡೋಸ್ 11 ಆಗಿಯೇ ಇರುತ್ತದೆ, ಅದರ ತೂತು ಮುಚ್ಚುತ್ತದೆ. 10ರಿಂದ 11ಕ್ಕೆ ಹೋಗುವುದು ಅಪ್‌ಗ್ರೇಡು. ಅದಕ್ಕೆ ಯಂತ್ರಕ್ಕೂ ಯೋಗ್ಯತೆ ಬೇಕು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ ಅಥವಾ ಈಚಿನದಾಗಿರಬೇಕು. ನಡುವೆ 24ಎಚ್2 ಎಂಬಂಥ ಹೆಸರು ಹೊತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯೂ ಉಂಟು. ಮಾವನ ಬಾಯಲ್ಲಿ ಮೂರಕ್ಕೂ ಒಂದೇ ಹೆಸರು: ‘ಅದು’. “ಅದು ಬಂದ್ರೆ ಸ್ಲೋ ಆಗತ್ತೆ.”

ಮಾವನನ್ನು ಪೂರ್ತಿ ಹಳಿಯುವಂತೆಯೂ ಇಲ್ಲ. 2016ರಲ್ಲಿ ವಿಂಡೋಸ್ 10ಕ್ಕೆ ಬನ್ನಿ ಎಂದು ಪರದೆಗೆ ಒಂದು ಆಹ್ವಾನ ಬರುತ್ತಿತ್ತು. ಬೇಡವೆಂದು ಮೂಲೆಯ ಗುಣಿಸು ಚಿಹ್ನೆ ಒತ್ತಿದರೆ ಆಹ್ವಾನ ಮಾಯವಾಗುತ್ತಿತ್ತು. ಗೊತ್ತುಪಡಿಸಿದ್ದ ಅಪ್‌ಗ್ರೇಡು ಮಾತ್ರ ರದ್ದಾಗುತ್ತಿರಲಿಲ್ಲ. ದೇಶದೇಶದ ಜನ ಬೈದರು, ಆಮೇಲೆ ಮರೆತರು. ಮಾವ ಮರೆತಿಲ್ಲ. ಇಂದಿಗೂ ಗುಣಿಸು ಚಿಹ್ನೆಯನ್ನು ಎರಡೆರಡು ಸಲ ಒತ್ತುತ್ತಾರೆ.

ಇನ್ನು 2024ರ ಜುಲೈ 19. ಅಂದು ಲೋಕದ ಲಕ್ಷಾಂತರ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಮಾವನ ಮನೆಯಲ್ಲಿ ಹಬ್ಬ. ಅದು ವಿಂಡೋಸ್ ಅಪ್‌ಡೇಟಿನ ಕೆಲಸವಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷದ ಫೈಲು ಮಾಡಿದ್ದು, ಹೊಡೆತ ಬಿದ್ದದ್ದು ಆ ಸೇವೆ ಕೊಂಡ ಸಂಸ್ಥೆಗಳಿಗೆ ಎಂದು ಬಿಡಿಸಿ ಹೇಳಿದರೆ, ಪೂರ್ತಿ ಕೇಳಿಸಿಕೊಂಡು, “ಅದೇ ನಾನೂ ಹೇಳಿದ್ದು” ಎನ್ನುತ್ತಾರೆ.

ಅವರ ಸತ್ಯಯುಗ ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಎಕ್ಸ್‌ಪಿಯ ಜೊತೆಗೇ ‘ತುಂಗಾ’ ಫಾಂಟ್ ಬಂದು ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಒದಗಿತು, ಅಂದರೆ ನಮಗೆ ಕನ್ನಡ ಸಿಕ್ಕಿದ್ದೂ ಒಂದು ಅಪ್‌ಗ್ರೇಡಿನಿಂದಲೇ. ಮಾವ ಇದನ್ನು ಗಮನಿಸಿಲ್ಲ. ಈಗಲೂ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದಲ್ಲೇ ಟೈಪು ಮಾಡಿ ಕಳಿಸುತ್ತಾರೆ. ಮದುವೆ ಕರೆಯೋಲೆ ಬೀಗರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡರೆ, “ಅವರು ಅಪ್‌ಡೇಟ್ ಹಾಕ್ಸಿರಬೇಕು” ಎಂದು ತೀರ್ಪು ಕೊಡುತ್ತಾರೆ.

“ಅಲ್ಲ, ನಮ್ಮಂಥವರ ಕಂಪ್ಯೂಟರಿಗೆ ಯಾವ ಕಳ್ಳ ಬರ್ತಾನೆ?” ಎಂಬುದು ಅವರ ಕೊನೆಯ ಬಾಣ. “ಇರೋದು ನಿಮ್ಮತ್ತೆಯ ಲಲಿತಾ ಸಹಸ್ರನಾಮದ ಪಿಡಿಎಫ್ಫು.” 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ಕುತಂತ್ರಾಂಶ ಯಾರ ಕಡತದಲ್ಲಿ ಏನಿದೆ ಎಂದು ನೋಡಲಿಲ್ಲ, ಸಿಕ್ಕಿದ್ದಕ್ಕೆಲ್ಲ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ಮುಂದಕ್ಕೆ ಹೋದವು. ಅದನ್ನು ತಡೆಯುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರಲ್ಲಿ ಎಷ್ಟು ಜನರ ಮನೆಗೆ ಇಂಥ ಮಾವ ಹೋಗಿದ್ದರೋ!

ಆವತ್ತು ಹುಡುಗಿಯೇ ರಾಜಿಗೆ ಬಂದಳು. ಕ್ಲಾಸಿನ ಹೊತ್ತಲ್ಲಿ ರೀಸ್ಟಾರ್ಟ್ ಆಗದಂತೆ ‘ಆಕ್ಟಿವ್ ಅವರ್ಸ್’ ಹಾಕಿದಳು. ಪರೀಕ್ಷೆ ಇದ್ದರೆ ಐದು ವಾರದವರೆಗೆ ನಿಲ್ಲಿಸಿಡಬಹುದೆಂದು ತೋರಿಸಿದಳು. “ನಾನೂ ಅದನ್ನೇ ಮಾಡೋಕೆ ಹೊರಟಿದ್ದೆ” ಎಂದು ಮಾವ ಎರಡನೇ ಕಾಫಿ ಕುಡಿದು ಹೊರಟರು.

ಅವರ ಸ್ವಂತ ಲ್ಯಾಪ್‌ಟಾಪು ಆರನೇ ಜನರೇಷನ್ನಿನದು, ವಿಂಡೋಸ್ 11ಕ್ಕೆ ಅನರ್ಹ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಗ್ರೂಪಿಗೆ ಸಂದೇಶ ಬಂತು: “ಇನ್ನು ನನ್ನದಕ್ಕೆ ಅಪ್‌ಡೇಟೇ ಬರಲ್ಲ. ನೆಮ್ಮದಿ.” ಅದೇ ರಾತ್ರಿ ಹುಡುಗಿಗೆ ಬೇರೆಯಾಗಿ ಫೋನು.

“ಪುಟ್ಟಿ, ನಮ್ಮ ಫ್ರೆಂಡೊಬ್ಬರು ಕೇಳ್ತಿದ್ರು. ಹತ್ತಕ್ಕೆ ಅದೇನೋ ಒಂದು ವರ್ಷ ಎಕ್ಸ್‌ಟೆನ್ಷನ್ ಕೊಡ್ತಾರಂತಲ್ಲ?”

“ಹೌದು ಮಾವ, ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ. ಸೆಟ್ಟಿಂಗ್ಸ್‌ನಲ್ಲೇ ಎನ್‌ರೋಲ್ ಅಂತ ಇರತ್ತೆ. ನಿಮ್ಮ ಫ್ರೆಂಡಿಗೆ ಮೈಕ್ರೋಸಾಫ್ಟ್ ಅಕೌಂಟ್ ಇದ್ಯಾ?”

“ಇರು, ನೋಡ್ತೀನಿ,” ಎಂದ ಮಾವ, ಒಳಮನೆಯ ಕಡೆ ತಿರುಗಿ, “ಲೇ, ನನ್ನ ಪಾಸ್‌ವರ್ಡ್ ಬರೆದಿಟ್ಟ ಡೈರಿ ಎಲ್ಲೇ?” ಎಂದು ಕೂಗಿದರು.