ರೇಸಿಂಗ್ ಗೇಮುಗಳ ಮಡಿ ಆವೃತ್ತಿ: ಒಂದು ಕಿರು ಮೀಮಾಂಸೆ

ಒಂದೇ ರೇಸಿಂಗ್ ಗೇಮಿಗೆ ಎರಡು ಅವತಾರಗಳೇಕೆ ಎಂಬ ಪ್ರಶ್ನೆಯನ್ನು ಲೋಕ ಈವರೆಗೆ ವ್ಯಾಪಾರದ ಕಣ್ಣಿನಿಂದ ನೋಡಿದೆಯೇ ಹೊರತು ಧರ್ಮಶಾಸ್ತ್ರದ ಕಣ್ಣಿನಿಂದ ನೋಡಿಲ್ಲ. ಮನೆಮಂದಿಯೆಲ್ಲ ಸೋಫಾದ ಮೇಲೆ ಒತ್ತಿಕೊಂಡು ಕೂತು, ಕಿರುಚಾಡುತ್ತ ಆಡುವ ಆವೃತ್ತಿ ಒಂದಿರುತ್ತದೆ. ಪಂದ್ಯ, ಬಹುಮಾನ, ವೀಕ್ಷಕ ವಿವರಣೆಗಳಿಗೆಂದೇ ಇ-ಸ್ಪೋರ್ಟ್ಸ್ ಆವೃತ್ತಿ ಬೇರೆಯೇ ಇರುತ್ತದೆ. ಈ ಎರಡನೆಯದರಲ್ಲಿ ಹೆಚ್ಚಿಗೆ ಏನಿದೆ ಎಂದು ಹುಡುಕಿದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ಅಲ್ಲಿ ಏನೇನಿಲ್ಲ ಎಂದು ನೋಡಬೇಕು. ಗಳುವಿನ ಮೇಲೆ ಕೋಲಿನ ತುದಿಯಿಂದ ಹರವಿದ ಸೀರೆಗೂ ಪೆಟ್ಟಿಗೆಯೊಳಗಿನ ಸೀರೆಗೂ ನೂಲಿನಲ್ಲಿ ವ್ಯತ್ಯಾಸವಿಲ್ಲ, ನೇಯ್ಗೆಯಲ್ಲಿಲ್ಲ, ಬೆಲೆಯಲ್ಲಂತೂ ಇಲ್ಲವೇ ಇಲ್ಲ. ಮೊದಲನೆಯದನ್ನು ಯಾರೂ ಮುಟ್ಟಿಲ್ಲ, ಅಷ್ಟೇ. ಆದ್ದರಿಂದ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ಸ್ಪರ್ಧಾ ಆವೃತ್ತಿ ಎಂಬುದು ಆಟದ ಮಡಿ ರೂಪ. ಆಟದಿಂದ ಒಂದೊಂದೇ ಮೈಲಿಗೆಯನ್ನು ಕಳೆಯುತ್ತ ಹೋದಂತೆ ಅದು ಸಿದ್ಧಿಸುತ್ತದೆ. ಕಳೆದದ್ದೆಲ್ಲ ಮೋಜೇ ಆಗಿರುವುದು ಕಾಕತಾಳೀಯ.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲು. ಜಪಾನಿನ ಪಾಲಿಫೋನಿ ಡಿಜಿಟಲ್ ಸಂಸ್ಥೆ 2013ರಲ್ಲಿ ತಂದ ‘ಗ್ರಾನ್ ಟುರಿಸ್ಮೊ 6’ರಲ್ಲಿ ಸುಮಾರು 1,200 ಕಾರುಗಳಿದ್ದವು, ಸಾಲದ್ದಕ್ಕೆ ಚಂದ್ರನ ಮೇಲೆ ಕುಪ್ಪಳಿಸುತ್ತ ಓಡಿಸುವ ರೋವರ್ ಕೂಡ ಇತ್ತು. ನಾಲ್ಕು ವರ್ಷಗಳ ನಂತರ, 2017ರ ಅಕ್ಟೋಬರಿನಲ್ಲಿ, ಜಾಗತಿಕ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ಪೌರೋಹಿತ್ಯದಲ್ಲಿ ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ ಬಂತು. ಕಾರುಗಳು ಇನ್ನೂರೂ ಇರಲಿಲ್ಲ. ಹಳೆ ಕಾರು ಕೊಂಡು, ಗೆದ್ದು, ಗೆದ್ದ ದುಡ್ಡಿನಲ್ಲಿ ಇನ್ನೊಂದು ಕೊಂಡು ಒಬ್ಬರೇ ನಡೆಸಿಕೊಂಡು ಹೋಗುತ್ತಿದ್ದ ಸಂಸಾರವೂ ಮಾಯವಾಗಿತ್ತು (ಜನ ಗೊಣಗಿದ ಮೇಲೆ ಡಿಸೆಂಬರಿನಲ್ಲಿ ಒಂದು ಸೌಟು ಬಡಿಸಿದರು). ಇಂಟರ್ನೆಟ್ ಇಲ್ಲದಿದ್ದರೆ ಆಡಿದ್ದು ಸೇವ್ ಆಗುತ್ತಲೇ ಇರಲಿಲ್ಲ. ಇನ್ನು ಸ್ಪರ್ಧೆಯ ವಿಭಾಗಕ್ಕೆ ಕಾಲಿಡಬೇಕಾದರೆ, ಟ್ರ್ಯಾಕಿನ ಮೇಲೆ ಸಜ್ಜನರು ಹೇಗೆ ನಡೆದುಕೊಳ್ಳಬೇಕೆಂಬ ಎರಡು ವಿಡಿಯೊಗಳನ್ನು ನೋಡಲೇಬೇಕಿತ್ತು. ಸಂಕಲ್ಪ ಮಾಡದವನಿಗೆ ಕರ್ಮಾಧಿಕಾರವಿಲ್ಲ ಎಂಬುದನ್ನು ಟೋಕಿಯೊದವರಿಗೆ ಯಾರು ಹೇಳಿಕೊಟ್ಟರೋ ತಿಳಿಯದು.

ಒಳಗೆ ಹೋದ ಮೇಲೆ ಪ್ರತಿಯೊಬ್ಬನಿಗೂ ಎರಡು ಅಂಕಗಳು: ವೇಗಕ್ಕೊಂದು, ನಡತೆಗೊಂದು. ಪಕ್ಕದ ಕಾರಿಗೆ ಬಂಪರ್ ತಗುಲಿದರೆ ನಡತೆಯ ಅಂಕ ಇಳಿಯುತ್ತಿತ್ತು. ಹಿಂದಿನಿಂದ ಗುದ್ದಿಸಿಕೊಂಡ ನಿರಪರಾಧಿಗೂ ಇಳಿಯುತ್ತದಲ್ಲ ಎಂದು ಆಟಗಾರರು ಬಹಳ ದಿನ ಹಲುಬಿದರು. ಅವರಿಗೆ ಶಾಸ್ತ್ರದ ಪರಿಚಯ ಸಾಲದು. ಮಡಿಯುಟ್ಟು ನೀರು ತರುವವರಿಗೆ ಬೀದಿಯ ಹುಡುಗ ಓಡಿಬಂದು ಡಿಕ್ಕಿ ಹೊಡೆದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕಾದವರು ಯಾರು? ಹುಡುಗನಲ್ಲ. ಮುಟ್ಟಿದವರು ಯಾರು, ಮುಟ್ಟಿಸಿಕೊಂಡವರು ಯಾರು ಎಂದು ಮೈಲಿಗೆ ವಿಚಾರಣೆ ನಡೆಸುವುದಿಲ್ಲ. ಇದರ ಜೊತೆಗೆ ‘ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್’ ಎಂಬ ಪಂಕ್ತಿ ನಿಯಮವೂ ಇತ್ತು: ಬಲಿಷ್ಠ ಕಾರಿನ ಶಕ್ತಿ ಇಳಿಸಿ, ಹಗುರ ಕಾರಿಗೆ ಭಾರ ಹೇರಿ, ಎಂಜಿನ್ ತಿದ್ದುಪಡಿಗೆ ಬೀಗ ಹಾಕಿ, ಎಲ್ಲರ ಎಲೆಗೂ ಒಂದೇ ಅಳತೆಯಲ್ಲಿ ಬಡಿಸುವುದು. ಸಾರು ಇನ್ನೊಂದು ಚೂರು ಎನ್ನುವಂತಿರಲಿಲ್ಲ. ಇಟಲಿಯ ಕುನೋಸ್ ಸಿಮುಲಾಜಿಯೋನಿ ಸಂಸ್ಥೆಯದೂ ಇದೇ ದಾರಿ. ಅದರ 2014ರ ‘ಅಸೆಟ್ಟೊ ಕೊರ್ಸಾ’ ಛತ್ರದಂತಿತ್ತು. ಯಾರು ಬೇಕಾದರೂ ತಮ್ಮ ಕಾರು, ತಮ್ಮ ರಸ್ತೆ ತಂದು ಸೇರಿಸಬಹುದಿತ್ತು, ಹಾಗೆ ಸೇರಿಸಿದ ಟೋಕಿಯೊ ಹೆದ್ದಾರಿಯಲ್ಲಿ ಜನ ಯಾವ ರೇಸೂ ಇಲ್ಲದೆ ರಾತ್ರಿಯಿಡೀ ಸುಮ್ಮನೆ ಓಡಾಡುತ್ತಾರೆ. 2019ರಲ್ಲಿ ಪೂರ್ಣರೂಪಕ್ಕೆ ಬಂದ ‘ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ’ ಶುರುವಾದದ್ದು ಜಿಟಿ ಕಾರುಗಳ ಒಂದೇ ಒಂದು ರೇಸ್ ಸರಣಿಯ ಲೈಸೆನ್ಸ್ ಹಿಡಿದು. ಹೊರಗಿನವರು ತಂದ ತಿಂಡಿಗೆ ಅಲ್ಲಿ ಪ್ರವೇಶವಿಲ್ಲ.

ಆದರೆ ಶುದ್ಧಿಯಲ್ಲಿ ಇವರೆಲ್ಲರಿಗೂ ಹಿರಿಯಕ್ಕ ಫ್ರಾನ್ಸಿನ ‘ಟ್ರ್ಯಾಕ್‌ಮೇನಿಯಾ ನೇಷನ್ಸ್’. ನಾಡಿಯೊ ಸಂಸ್ಥೆ ಅದಕ್ಕೆ ಮೊದಲು ಕಟ್ಟಿದ್ದ ಗೇಮುಗಳಲ್ಲಿ ಮರಳುಗಾಡು, ಹಿಮ, ದ್ವೀಪ, ಕಡಲತೀರ ಎಂದು ಬಗೆಬಗೆಯ ಲೋಕಗಳಿದ್ದವು, ಲೋಕಕ್ಕೊಂದು ಕಾರಿತ್ತು. 2006ರಲ್ಲಿ ‘ಎಲೆಕ್ಟ್ರಾನಿಕ್ ಸ್ಪೋರ್ಟ್ಸ್ ವರ್ಲ್ಡ್ ಕಪ್’ ಎಂಬ ಪಂದ್ಯಾವಳಿಗೆಂದೇ ಪ್ರತ್ಯೇಕ ಆವೃತ್ತಿ ಮಾಡಿದಾಗ ಉಳಿಸಿಕೊಂಡದ್ದು ಒಂದು ಕ್ರೀಡಾಂಗಣ, ಒಂದು ಕಾರು. ಆ ಕಾರುಗಳೋ, ಒಂದರ ಮೈಯೊಳಗಿಂದ ಇನ್ನೊಂದು ಹೊಗೆಯ ಹಾಗೆ ತೂರಿಹೋಗುತ್ತವೆ. ಹತ್ತು ಜನ ಒಂದೇ ತಿರುವಿಗೆ ಒಟ್ಟಿಗೆ ನುಗ್ಗಿದರೂ ಯಾರಿಗೂ ಯಾರೂ ತಗುಲುವುದಿಲ್ಲ. ಜಪಾನಿನವರು ಮುಟ್ಟಿದರೆ ದಂಡ ಹಾಕಿದರು; ಫ್ರೆಂಚರು ಮುಟ್ಟುವುದನ್ನೇ ಸೃಷ್ಟಿಯಿಂದ ತೆಗೆದುಹಾಕಿದರು. ಎಂಥ ಕಟ್ಟಾ ಮಡಿವಂತರಿಗೂ ಕನಸಿನಲ್ಲಿ ಮಾತ್ರ ಕಂಡಿದ್ದ ಸ್ಥಿತಿ ಇದು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಬೇರೆ ಗೇಮೇ ಏಕೆ, ಇರುವ ಗೇಮಿನಲ್ಲೇ ಒಂದು ಸ್ಪರ್ಧಾ ವಿಭಾಗ ಸಾಲದೇ? 2022ರ ‘ಗ್ರಾನ್ ಟುರಿಸ್ಮೊ 7’ರಲ್ಲಿ ಸಂಸಾರ ಮತ್ತು ಸ್ಪರ್ಧೆ ಎರಡನ್ನೂ ಒಂದೇ ಸೂರಿನಡಿ ತಂದರು, 2024ರ ಜನವರಿ ಕೊನೆಗೆ ‘ಸ್ಪೋರ್ಟ್’ನ ಸರ್ವರುಗಳನ್ನೇ ಮುಚ್ಚಿದರು, ನಿಮ್ಮ ಸಿದ್ಧಾಂತದ ಗತಿಯೇನು ಎಂಬುದು ಅವರ ಸವಾಲು. ಗತಿ ಚೆನ್ನಾಗಿಯೇ ಇದೆ. ಮಡಿ ಅಡುಗೆಮನೆಗೆ ಬೇರೆ ಊರಿನಲ್ಲಿ ಮನೆ ಹಿಡಿಯಬೇಕೆಂದು ಯಾರೂ ಹೇಳಿಲ್ಲ. ಒಂದೇ ಮನೆಯಲ್ಲಿ ಹೊಸ್ತಿಲು ಬೇರೆ ಇದ್ದರಾಯಿತು. ಏಳರಲ್ಲಿ ಕೆಫೆಯಲ್ಲಿ ಕೂತು ಕಾರು ಕೂಡಿಸುತ್ತಿದ್ದವನು ಸ್ಪರ್ಧೆಯ ಹೊಸ್ತಿಲು ದಾಟಿದ ಕೂಡಲೇ ನಡತೆಯ ಅಂಕ ಹಾಜರು.

ಕರಾವಳಿಯ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆಗಳ ಜೊತೆ ಕನೆಹಲಗೆ ಎಂಬ ವಿಭಾಗವಿದೆ. ಅಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕವಲ್ಲ. ಹಲಗೆಯ ಮೇಲೆ ಒಂಟಿಕಾಲೂರಿ ನಿಂತವನ ಅಡಿಯಿಂದ ಚಿಮ್ಮಿದ ಕೆಸರುನೀರು, ಮೇಲೆ 6.5 ಅಥವಾ 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಅಂದರೆ ಮೋಜನ್ನೇ ಅಳತೆಗೋಲಿಗೆ ಕಟ್ಟಿದ್ದಾರೆ. ಸ್ಪರ್ಧೆ ಆಗಲು ಮೋಜು ಕಳೆಯಲೇಬೇಕು ಎಂಬ ವ್ಯಾಪ್ತಿ ಇಲ್ಲಿ ಮುರಿದುಬೀಳುತ್ತದೆ. ಒಪ್ಪತಕ್ಕ ಆಕ್ಷೇಪವೇ. ಆದರೆ ನೀರು ತಾನಾಗಿಯೇ ಮಡಿಯಾಗಿಸುವ ವಸ್ತುವಾದ್ದರಿಂದ ಅದನ್ನು ಮೈಲಿಗೆಯ ಲೆಕ್ಕಕ್ಕೆ ಹಿಡಿಯಲಾಗದು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇವೆ. ಕೆಸರಿನ ಮಾತನ್ನು ದಯವಿಟ್ಟು ಎತ್ತಬಾರದು.

ಕಳೆಯುವ ಕ್ರಿಯೆಗೆ ಕೊನೆ ಎಲ್ಲಿ ಎಂಬ ಪ್ರಶ್ನೆಗೆ 2020ರ ಲಾಕ್‌ಡೌನ್ ಒಂದು ದಾರಿ ತೋರಿಸಿತ್ತು. ಫಾರ್ಮುಲಾ ಇ ಚಾಲಕರು ತಂತಮ್ಮ ಮನೆಗಳಿಂದಲೇ ಬರ್ಲಿನಿನ ಕಾಲ್ಪನಿಕ ಟ್ರ್ಯಾಕಿನಲ್ಲಿ ರೇಸ್ ಮಾಡುತ್ತಿದ್ದಾಗ, ಆಡಿ ತಂಡದ ಡೇನಿಯಲ್ ಆಬ್ಟ್ ಮೂರನೆಯ ಸ್ಥಾನ ಪಡೆದರು. ಓಡಿಸಿದ್ದು ಅವರಲ್ಲ, ಅವರ ಹೆಸರಿನಲ್ಲಿ ಕೂತಿದ್ದ ನುರಿತ ಗೇಮರ್ ಎಂಬುದು ಆಮೇಲೆ ಬಯಲಾಯಿತು. ಕರ್ಮವನ್ನು ಪುರೋಹಿತ ಮಾಡಿ ಫಲ ಯಜಮಾನನಿಗೆ ಸಲ್ಲುವುದು ನಮಗೆ ಹೊಸದಲ್ಲ. ಸಂಘಟಕರು ಮಾತ್ರ ಒಪ್ಪಲಿಲ್ಲ. ಆದರೂ ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ನೋಡಬೇಕು: 10,000 ಯೂರೊ ದಾನ, ಸತ್ಕಾರ್ಯಕ್ಕೆ. ತಂಡ ಅವರನ್ನು ಅಮಾನತು ಮಾಡಿತು. ನಮ್ಮ ದೃಷ್ಟಿಯಲ್ಲಿ ಆಬ್ಟ್ ಮಾಡಿದ ತಪ್ಪು ಒಂದೇ, ಅವಸರ. ಸಂಘಟಕರು ಅದಾಗಲೇ ಟೈರನ್ನೂ ಬ್ಯಾಟರಿಯನ್ನೂ ಟ್ರ್ಯಾಕನ್ನೂ ಕಳೆದಿದ್ದರು, ಇವರು ಸರದಿ ಬರುವ ಮೊದಲೇ ಚಾಲಕನನ್ನೂ ಕಳೆದುಬಿಟ್ಟರು.

ಸರದಿಯಲ್ಲಿ ಕಾದವರಿಗೆ ಚಾಲಕನನ್ನೂ ಕಳೆಯುವ ಭಾಗ್ಯ ಸಿಕ್ಕಿದ್ದು ‘ಟ್ರ್ಯಾಕ್‌ಮೇನಿಯಾ’ದಲ್ಲೇ. ಪಂದ್ಯಾವಳಿಗೆಂದು ಮಾಡಿದ ಆವೃತ್ತಿಯನ್ನು ಪುಕ್ಕಟೆ ಹಂಚಿದ್ದರಿಂದ ಜಗತ್ತಿನ ಪಡ್ಡೆ ಹುಡುಗರೆಲ್ಲ ಅದಕ್ಕೆ ಮುಗಿಬಿದ್ದರು. ಇದು ಮಡಿಗೆ ಭಂಗವಲ್ಲವೇ ಎಂದು ಕೇಳುವವರು ಆ ಹುಡುಗರು ಕಟ್ಟಿದ ‘ಪ್ರೆಸ್ ಫಾರ್ವರ್ಡ್’ ಟ್ರ್ಯಾಕುಗಳನ್ನು ನೋಡಲಿ. ಕೀಲಿಮಣೆಯ ಮೇಲ್ಮುಖ ಬಾಣದ ಮೇಲೆ ಬೆರಳೊತ್ತಿ ಹಿಡಿದರೆ ಮುಗಿಯಿತು. ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ. ಕಾರು ಇಳಿಜಾರಿನಿಂದ ಹಾರಿ, ಗಾಳಿಯಲ್ಲಿ ಮಗುಚಿ, ಕಂಬದ ಅಂಚಿಗೆ ಒಂದಿಷ್ಟೇ ಸವರಿ ದಿಕ್ಕು ಬದಲಿಸಿ, ತಲೆಕೆಳಗಾಗಿ ಸುರುಳಿ ಸುತ್ತಿ, ಕಟ್ಟಿದವನು ವಾರಗಟ್ಟಲೆ ಕೂತು ಲೆಕ್ಕ ಹಾಕಿದ ದಾರಿಯಲ್ಲೇ ಸಾಗಿ ತಾನಾಗಿಯೇ ಗುರಿ ಮುಟ್ಟುತ್ತದೆ. ಎದುರಾಳಿ ಇಲ್ಲ, ಆಯ್ಕೆ ಇಲ್ಲ, ತಪ್ಪುವುದಕ್ಕೆ ಅವಕಾಶವೂ ಇಲ್ಲ. ಉಳಿದಿರುವುದು ಒಂದು ಬೆರಳು. ಅದನ್ನು ಅರ್ಧ ಕ್ಷಣ ಎತ್ತಿದರೂ ಕಾರು ದಾರಿ ತಪ್ಪಿ ಬಿದ್ದುಹೋಗುವುದರಿಂದ ಸದ್ಯಕ್ಕೆ ಅದನ್ನು ಕಳೆಯುವ ಹಾಗಿಲ್ಲ. ಇನ್ನೊಂದು ಕೈ ಖಾಲಿಯಿರುತ್ತದಲ್ಲ, ಅದರಲ್ಲಿ ಕಾಫಿ ಲೋಟ ಹಿಡಿಯಬಹುದೇ ಎಂದರೆ, ಕಾಫಿಗೆ ಮೈಲಿಗೆಯಿಲ್ಲವೆಂದು ಮಡಿವಂತರೇ ಎಂದೋ ತೀರ್ಮಾನಿಸಿದ್ದಾರೆ.