ಬರೋ ಭಾನುವಾರ ಕೆಮ್ಮಣ್ಣುಗುಂಡಿ

ಕೆಮ್ಮಣ್ಣುಗುಂಡಿಗೆ ಬೆಂಗಳೂರಿನವರು ಹೋಗುತ್ತಾರೆ. ಹುಬ್ಬಳ್ಳಿಯವರು ಹೋಗುತ್ತಾರೆ. ಹೊಸದಾಗಿ ಮದುವೆಯಾದವರು ಊಟಿಯ ಖರ್ಚು ಲೆಕ್ಕ ಹಾಕಿ ನೋಡಿ, ಸುಮ್ಮನೆ ಕೆಮ್ಮಣ್ಣುಗುಂಡಿಗೆ ಹೋಗುತ್ತಾರೆ. ಹೋಗದವರು ಅಂದರೆ ಕಡೂರು, ತರೀಕೆರೆ, ಅಜ್ಜಂಪುರದ ನಾವು. ನಾವು ಹೋಗುವ ಯೋಚನೆ ಮಾಡುತ್ತೇವೆ. ಅದೂ ಒಂದು ದಿನದ ಮಟ್ಟಿಗೆ. ಬೆಳಿಗ್ಗೆ ಹೊರಟು ರಾತ್ರಿ ದೀಪ ಹಚ್ಚಿ ಸ್ವಲ್ಪ ಹೊತ್ತಿಗೆಲ್ಲ ಮನೆಗೆ ಬರುವ ಹಾಗೆ. ಈ ಯೋಚನೆಗೆ ನಮ್ಮ ಮನೆತನದಲ್ಲಿ ಎಷ್ಟು ವಯಸ್ಸಾಗಿದೆ ಅಂದರೆ, ಅದು ಶುರುವಾದಾಗ ಕಂಕುಳಲ್ಲಿದ್ದ ಮಗುವಿಗೆ ಈಗ ಹೆಣ್ಣು ನೋಡುತ್ತಿದ್ದಾರೆ.

ನಾವಿರುವುದು ಅಜ್ಜಂಪುರ. ಅಕ್ಕನನ್ನು ಕೊಟ್ಟಿದ್ದು ಕಡೂರಿಗೆ. ಸೋದರತ್ತೆ ತರೀಕೆರೆ. ಮೂರು ಕಡೆಯವರೂ ಒಟ್ಟಿಗೆ ಹೋಗಬೇಕು ಎಂಬಲ್ಲಿಗೆ ಮೊದಲ ಸಮಸ್ಯೆ ಹುಟ್ಟುತ್ತದೆ: ಎಲ್ಲಿ ಸೇರುವುದು? ಅಜ್ಜಂಪುರದಲ್ಲಿ ರೈಲಿದೆ, ತರೀಕೆರೆಯಲ್ಲೂ ರೈಲಿದೆ. ಆದರೆ ನಮ್ಮದು ಹುಬ್ಬಳ್ಳಿ ಕಡೆಯ ಲೈನು, ಅವರದು ಶಿವಮೊಗ್ಗದ ಲೈನು. ಪಕ್ಕದೂರಿಗೆ ರೈಲಲ್ಲಿ ಹೋಗಬೇಕೆಂದರೆ ಬೀರೂರಿಗೆ ಇಳಿದು, ಅಲ್ಲಿ ಇನ್ನೊಂದು ಗಾಡಿ ಕಾದು, ಮತ್ತೆ ಮೇಲಕ್ಕೆ ಹತ್ತಬೇಕು. ನಮ್ಮ ಭಾವನಿಗೆ ಇದೇ ಇಷ್ಟ. ರೈಲು ಎಂದರೆ ಅವರಿಗೆ ಪ್ರಾಣ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಿಟ್ಟ ಮೇಲಂತೂ, ಎಲ್ಲರೂ ಕಡೂರಿಗೆ ಬಂದು, ರೈಲಲ್ಲಿ ಚಿಕ್ಕಮಗಳೂರು ಸೇರಿ, ಅಲ್ಲಿಂದ ಗಿರಿಯ ಮೇಲೆ ಹಾಯ್ದು ಕೆಮ್ಮಣ್ಣುಗುಂಡಿಗೆ ಇಳಿಯಬೇಕೆಂಬುದು ಅವರ ವಾದ.

“ಈ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು ಕಣಯ್ಯಾ” ಎಂದು ಭಾವ ಶುರು ಮಾಡಿದರೆ ಮುಗಿಯಿತು. ಕಚೇರಿಗಳು 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ 1947ರವರೆಗೆ ಕಡೂರಿನದೇ ಇತ್ತು. ಆ ಹೆಸರು ಹೋದದ್ದನ್ನು ಭಾವ ಇನ್ನೂ ಒಪ್ಪಿಕೊಂಡಿಲ್ಲ.

ಅತ್ತೆ ಬಿಡುವವರೇ? “ಕೆಮ್ಮಣ್ಣುಗುಂಡಿ ಇರೋದು ನಮ್ಮ ತಾಲ್ಲೂಕಲ್ಲಿ. ತರೀಕೆರೆಗೆ ಬಂದು, ಲಿಂಗದಹಳ್ಳಿ ಮೇಲೆ ಹತ್ತಿದರೆ ಅಲ್ಲೇ. ನೀವ್ಯಾಕೆ ಕಿವಿನ ತಲೆ ಸುತ್ತಿ ಮುಟ್ಟಿಕೊಳ್ತೀರಿ?” ನಾನು ಅಜ್ಜಂಪುರದ ಪರವಾಗಿ ಬಾಯಿ ತೆರೆದರೆ, “ಮೊನ್ನೆವರೆಗೂ ನಮ್ಮ ಹೋಬಳಿಯಾಗಿದ್ದವರು ನೀವು. ಈಗ ತಾಲ್ಲೂಕಾದ್ರಿ ಅಂತ ದಾರಿ ಹೇಳಿಕೊಡ್ತೀಯಾ?” ಎಂದು ಕೂರಿಸುತ್ತಾರೆ.

ಇನ್ನು ಅತ್ತೆಯ ಇನ್ನೊಂದು ಷರತ್ತು: ಹೇಗೂ ಹೋಗುತ್ತೀವಲ್ಲ, ದಾರಿಯಲ್ಲೇ ಅಮೃತಾಪುರ ನೋಡಿಕೊಂಡು ಹೋಗೋಣ. ಅಮೃತಾಪುರ ದಾರಿಯಲ್ಲಿಲ್ಲ. ತರೀಕೆರೆಯಲ್ಲಿ ನಿಂತರೆ ಬೆಟ್ಟ ಒಂದು ದಿಕ್ಕು, ಗುಡಿ ಇನ್ನೊಂದು ದಿಕ್ಕು. ಆದರೂ ಅತ್ತೆಯ ಪಾಲಿಗೆ ದೇವರು ಯಾವಾಗಲೂ ದಾರಿಯಲ್ಲೇ ಇರುತ್ತಾನೆ. ಗುಡಿ ನೋಡಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು; ರೂವಾರಿ ಮಲ್ಲಿತಮ್ಮ ಕೆತ್ತಿದ ಕಲ್ಲು ಅಲ್ಲಿದೆ, ಕವಿ ಜನ್ನ ಬರೆದುಕೊಟ್ಟ ಶಾಸನ ಇದೆ. ಮಂಟಪದ ದಕ್ಷಿಣದ ಗೋಡೆಯ ಮೇಲೆ ರಾಮಾಯಣ ಕಡೆದಿದ್ದಾರಲ್ಲ, ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯಾಗಿ ಸಾಗಿದರೆ, ಇಲ್ಲಿ ಅದು ಅಪ್ರದಕ್ಷಿಣೆಯಾಗಿ ಸಾಗುತ್ತದೆ. ನಮ್ಮ ಪ್ರವಾಸದ ಮಾತುಕತೆಯೂ ಅದೇ ಗೋಡೆಯ ರಾಮಾಯಣದ ಹಾಗೆ. ಮೊದಲು ವಾಪಸ್ಸು ಬರುವುದು ಎಷ್ಟು ಹೊತ್ತಿಗೆ ಎಂದು ತೀರ್ಮಾನವಾಗುತ್ತದೆ, ಆಮೇಲೆ ಅಲ್ಲಿ ಏನು ತಿನ್ನುವುದೆಂದು, ಕೊನೆಗೆ, ಉಸಿರು ಉಳಿದಿದ್ದರೆ, ಹೋಗುವುದು ಹೇಗೆಂದು.

ತಿನ್ನುವ ವಿಷಯದಲ್ಲಿ ಮಾತ್ರ ಮೂರೂರಿನ ನಡುವೆ ವೈಮನಸ್ಯವಿಲ್ಲ. ಪುಳಿಯೋಗರೆ ಅಕ್ಕನದು. ಚಪಾತಿ, ಶೇಂಗಾ ಚಟ್ನಿಪುಡಿ ನಮ್ಮಾಕೆಯದು. ಕೋಡುಬಳೆ, ನಿಪ್ಪಟ್ಟು ಅತ್ತೆಯದು. ಮೊಸರನ್ನ ಎಲ್ಲರದೂ, ಏಕೆಂದರೆ ಬೇರೆಯವರ ಮನೆ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆಂಬುದು ಪ್ರತಿ ಮನೆಯ ನಂಬಿಕೆ. ಜೊತೆಗೆ ಘಾಟಿಯಲ್ಲಿ ವಾಂತಿ ಬಂದರೆ ನಿಂಬೆಹಣ್ಣು, ಇಂಬಳ ಹತ್ತಿದರೆ ಉಪ್ಪಿನ ಗಂಟು, ಚಳಿಗೆ ಸ್ವೆಟರು. ಬಯಲುಸೀಮೆಯ ನಾವು 1434 ಮೀಟರ್ ಎತ್ತರ ಎಂದು ಕೇಳಿದರೇ ಮಫ್ಲರ್ ಹುಡುಕುವ ಜನ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ತಂಗಲೆಂದು ಆ ಗಿರಿಧಾಮವನ್ನು ಮಾಡಿಸಿಕೊಂಡರಂತೆ. ಅರಮನೆಯವರು ಇಡೀ ಬೇಸಿಗೆಗೆ ಕಟ್ಟಿದ ಗಂಟುಮೂಟೆಯೂ ನಮ್ಮ ಅತ್ತೆಯ ಒಂದು ಹಗಲಿನ ಪಟ್ಟಿಗೆ ಸರಿದೂಗುತ್ತಿತ್ತೋ ಇಲ್ಲವೋ.

ವಾಂತಿಯ ಮಾತು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದ ಮೇಲೆ, ಅದಕ್ಕೆ ಬೇಕಾದ ಅದಿರು ಇದೇ ಕೆಮ್ಮಣ್ಣುಗುಂಡಿಯಿಂದ ಹೋಗುತ್ತಿತ್ತು. ತಂತಿಯ ಮೇಲೆ ತೂಗುವ ತೊಟ್ಟಿಲುಗಳಲ್ಲಿ ಬೆಟ್ಟ ಇಳಿಯುತ್ತಿತ್ತು. ಒಂದೇ ಒಂದು ತಿರುವಿಲ್ಲ, ನಿಂಬೆಹಣ್ಣಿನ ಖರ್ಚಿಲ್ಲ. ನಮ್ಮಾಕೆಗೆ ಈ ವಿಷಯ ಹೇಳಿದಾಗ, “ಆ ತೊಟ್ಟಿಲು ಈಗಲೂ ಇದ್ದಿದ್ದರೆ ಹೋಗಬಹುದಿತ್ತು” ಎಂದು ನಿಟ್ಟುಸಿರಿಟ್ಟಳು.

ಗಾಡಿಯದು ಬೇರೆಯೇ ಕಥೆ. ಮೊದಲು ಒಂದು ಕಾರು ಸಾಕಿತ್ತು. ಸುದ್ದಿ ಹಬ್ಬಿ ಭಾವನ ತಮ್ಮನ ಮನೆಯವರು ಸೇರಿದರು, ಟಿಟಿ ಎಂದಾಯಿತು. ಅತ್ತೆಯ ಪಕ್ಕದ ಮನೆಯವರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಮಿನಿ ಬಸ್ಸಿನ ಮಾತು ಬಂತು. ಹೆಬ್ಬೆ ಜಲಪಾತಕ್ಕೆ ನಮ್ಮ ಗಾಡಿ ಬಿಡುವುದಿಲ್ಲ, ಜೀಪಿನಲ್ಲೇ ಹೋಗಬೇಕು ಎಂದು ಯಾರೋ ಹೇಳಿದರು. ಜೀಪಿಗೆ ಯಾರು ಹತ್ತುವುದು, ಸೊಂಟನೋವಿನವರ ಜೊತೆ ಯಾರು ಕೆಳಗೆ ಕೂರುವುದು ಎಂದು ಚರ್ಚೆಯಾಗಿ, ಅರ್ಧ ಜನ ಅಲ್ಲೇ ಹಿಂದೆ ಸರಿದರು. ಮತ್ತೆ ಕಾರು.

ಉಳಿದದ್ದು ದಿನ. ಝಡ್ ಪಾಯಿಂಟಿನಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಬೇಕೆಂದು ಮಕ್ಕಳ ಆಸೆ. ಅತ್ತೆ ಪಂಚಾಂಗ ತೆಗೆದರು. ಭಾನುವಾರ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ಬೆಟ್ಟದ ಮೇಲಿನ ಹೂವಿನ ತೋಟದಿಂದ ಆ ತುದಿಗೆ ಹೊರಡಬೇಕಾದ್ದು ಅದೇ ಹೊತ್ತಿನಲ್ಲಿ. ಶನಿವಾರವಾದರೆ ಒಂಬತ್ತರಿಂದ ಹತ್ತೂವರೆ, ಮನೆಯಿಂದ ಹೊರಡುವ ಹೊತ್ತು. “ಒಂಬತ್ತಕ್ಕೆ ಮುಂಚೆ ಹೊರಡೋಣ” ಎಂದೆ. ಎಲ್ಲರೂ ನನ್ನ ಮುಖ ನೋಡಿದರು.

ನಮ್ಮೂರಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಅವು, ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ತಳಿಯ ಎತ್ತುಗಳ ಬಲದಿಂದ ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ಮುಟ್ಟಿತೆಂದು ಬರೆದಿಟ್ಟಿದ್ದಾರೆ. ಫಿರಂಗಿ, ಮದ್ದುಗುಂಡು, ದವಸಧಾನ್ಯ ಎಲ್ಲ ಹೊತ್ತುಕೊಂಡು! ಹೈದರನ ದಂಡಿನಲ್ಲಿ ಪಂಚಾಂಗ ನೋಡುವ ಸೋದರತ್ತೆ ಇರಲಿಲ್ಲವೆಂದು ನನಗೆ ಗಟ್ಟಿ ಅನುಮಾನ.

ಕಳೆದ ಸಲ ಎಲ್ಲ ಕೂಡಿಬಂದಿತ್ತು. ಶುಕ್ರವಾರ ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಸಿಯಾಗಿತ್ತು. ಆದರೆ ಶನಿವಾರ ಬೆಳಿಗ್ಗೆ ಭಾವನಿಗೆ ಕೊಬ್ಬರಿ ರೇಟು ಏರಿದೆಯೆಂಬ ಸುದ್ದಿ ಬಂತು, ಅವರು ಮೂಟೆ ಹೇರಿಕೊಂಡು ಮಂಡಿಗೆ ಹೋದರು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಕೊಬ್ಬರಿ ರೇಟು ಹೋಗುತ್ತದೆ. ಇದನ್ನು ಅತ್ತೆಯೂ ಒಪ್ಪಿದರು. ಗೊಜ್ಜನ್ನು ಮೂರು ಮನೆಗೆ ಹಂಚಲಾಯಿತು.

ಅದೇ ಮಧ್ಯಾಹ್ನ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಫೋನು ಮಾಡಿದ. “ಅಣ್ಣಾ, ಕೆಮ್ಮಣ್ಣುಗುಂಡಿಗೆ ಬಂದಿದೀವಿ. ನೀವು ಈ ಕಡೆಯವರಲ್ವಾ, ಏನೇನು ನೋಡಬೇಕು ಹೇಳಿ.” ನಾನು ಕುರ್ಚಿ ಎಳೆದುಕೊಂಡು ಕೂತು, ಕಲ್ಲತ್ತಿಗಿರಿಯ ವೀರಭದ್ರನ ಗುಡಿ, ಅಲ್ಲಿನ ಕಲ್ಲಾನೆಗಳು, ತೋಟಗಾರಿಕೆ ಇಲಾಖೆಯ ಹೂವಿನ ತೋಟ, ಹೆಬ್ಬೆ, ಇಳಿದ ಮೇಲೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಎಲ್ಲ ಒಂದೊಂದಾಗಿ ಹೇಳಿದೆ. ಇಷ್ಟು ವರ್ಷ ಮಾಡಿದ ಯೋಚನೆ ಕೊನೆಗೆ ಒಬ್ಬರ ಉಪಯೋಗಕ್ಕಾದರೂ ಬಂತು.

“ಎಲ್ಲಾ ಸರಿ ಅಣ್ಣಾ” ಎಂದ ಅವನು, “ಆದ್ರೆ ಮಂಜು ಮುಚ್ಚಿಕೊಂಡುಬಿಟ್ಟಿದೆ. ಮುಂದಿನ ಕಾರೇ ಕಾಣ್ತಿಲ್ಲ.”

ನಮ್ಮ ಮನೆಯಲ್ಲಿ ಆದ ಸಮಾಧಾನ ಅಷ್ಟಿಷ್ಟಲ್ಲ. ಸದ್ಯ, ನಾವು ಹೋಗಲಿಲ್ಲ! ಭಾವನಿಗೂ ಅತ್ತೆಗೂ ತಕ್ಷಣ ಫೋನಾಯಿತು. ಸಂಕ್ರಾಂತಿ ಕಳೆದ ಮೇಲೆ, ಮಂಜಿಲ್ಲದ ಒಂದು ಭಾನುವಾರ ಹೋಗುವುದೆಂದು ಅವಿರೋಧವಾಗಿ ತೀರ್ಮಾನವಾಯಿತು. ಫೋನು ಇಡುವ ಮುಂಚೆ ಅತ್ತೆ ಕೇಳಿದರು:

“ಅದಿರಲಿ, ಆ ಹುಡುಗ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಹೋಗಿದಾನಲ್ಲ, ಮೊಸರನ್ನ ಕಟ್ಟಿಸಿಕೊಂಡು ಹೋಗಿದಾನೇನೋ?”